ರಾತ್ರಿ ಯಾರಿರ್ತಾರೆ?

ಟ್ರಂಕಿನ ಮುಚ್ಚಳ ತೆಗೆದರೆ ಮೊದಲು ಮೂಗಿಗೆ ಬರುವುದು ಓಮ ಮತ್ತು ಕರ್ಪೂರದ ವಾಸನೆ. ಆಮೇಲೆ ಒಂದೊಂದೇ ವಸ್ತು ಕಣ್ಣಿಗೆ ಬೀಳುತ್ತದೆ. ಹೇನಿನ ಬಾಚಣಿಗೆ. ಮೂರು ಜೊತೆ ಹವಾಯಿ ಚಪ್ಪಲಿ. ಸಾಲಾಗಿ ಪಿನ್ನು ಚುಚ್ಚಿಟ್ಟ ಬಟ್ಟೆಯ ಚೂರು. ಕೆಂಪು ರಿಬ್ಬನ್ನಿನ ಸುರುಳಿ. ಪ್ಯಾಡಿನ ಪೊಟ್ಟಣಗಳು. ಅಳತೆವಾರು ಜೋಡಿಸಿಟ್ಟ ಹೊಸ ಒಳಉಡುಪುಗಳು. ನಾಲ್ಕಾಗಿ ಮಡಚಿದ ಎರಡು ರಬ್ಬರ್ ಶೀಟು. ಅಡಿಯಲ್ಲಿ, ದಾರ ಕಟ್ಟಿದ ಒಂದು ಕಟ್ಟು ಅಂಚೆಕಾರ್ಡು.

“ಇದರಲ್ಲಿ ಯಾವುದನ್ನೂ ನಾನು ಮೊದಲೇ ಯೋಚನೆ ಮಾಡಿ ತಂದದ್ದಲ್ಲ” ಎಂದರು ಅಕ್ಕೋರು. “ಒಂದೊಂದಕ್ಕೂ ಒಬ್ಬೊಬ್ಬಳು ಹುಡುಗಿ ಕಾರಣ.”

ಹವಾಯಿ ಚಪ್ಪಲಿಗೆ ಕಾರಣಳಾದವಳು ಬರಿಗಾಲಲ್ಲಿ ಬಂದು, ‘ಚಪ್ಪಲಿ ಬಸ್ಸಲ್ಲಿ ಬಿಟ್ಟೆ’ ಎಂದು ಐದೂ ದಿನ ಹೇಳಿದವಳು. ಒಳಉಡುಪಿಗೆ ಕಾರಣಳಾದವಳು ಒಂದೇ ಒಂದು ಜೊತೆ ತಂದು ರಾತ್ರಿ ಒಗೆದು, ಒದ್ದೆಯದನ್ನೇ ಹಾಕಿಕೊಂಡು ಕವಾಯತಿಗೆ ನಿಂತವಳು. ಕತೆಗಳನ್ನೆಲ್ಲ ಹೇಳಿದರು. ಹೆಸರು ಮಾತ್ರ ಒಂದೂ ಬಾಯಿಂದ ಬರಲಿಲ್ಲ.

ಶಿರಸಿ ಸೀಮೆಯ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ಬೇಸಿಗೆ ರಜೆಯ ಗೈಡ್ಸ್ ಶಿಬಿರ ನಡೆಯುತ್ತದೆಂದು ಕೇಳಿ ನಾನು ಹೋದದ್ದು ಬಿದಿರಿನ ಕೆಲಸ, ಹಗ್ಗದ ಗಂಟು, ಶಿಬಿರಾಗ್ನಿ ನೋಡಲಿಕ್ಕೆ. ಅವೆಲ್ಲ ಇದ್ದವು. ಆದರೆ ಈ ಟ್ರಂಕು ಕಂಡಮೇಲೆ ಬೇರೆ ಯಾವುದರಲ್ಲೂ ಮನಸ್ಸು ನಿಲ್ಲಲಿಲ್ಲ. ಅದರ ಒಡತಿ ನಿವೃತ್ತ ಶಿಕ್ಷಕಿ. ಕನ್ನಡ ಪಾಠ ಮಾಡುತ್ತಿದ್ದವರು. ಗೈಡ್ಸ್ ಭಾಷೆಯಲ್ಲಿ ‘ಕ್ಯಾಪ್ಟನ್’, ಊರಿನ ಬಾಯಲ್ಲಿ ‘ಅಕ್ಕೋರು’. ತಮ್ಮ ಹೆಸರು ಬರೆಯಬೇಡಿ ಎಂದರು. ಹಾಗಾಗಿ ಇಲ್ಲೂ ಅಕ್ಕೋರೇ.

ಹೊರಗಿನವರಿಗೆ ಶಿಬಿರ ಅಂದರೆ ಐದು ದಿನ. ಅಕ್ಕೋರಿಗೆ ಅದು ಮಾರ್ಚ್ ತಿಂಗಳಿಂದಲೇ ಶುರು. ಸಂಜೆ ಅಡಿಕೆ ತೋಟದ ಸಂಕ ದಾಟಿ ಮನೆಮನೆಗೆ ಹೋಗುತ್ತಾರೆ. ಜಗಲಿಯಲ್ಲಿ ಕೂತ ಅಪ್ಪ ‘ನೋಡುವ’ ಅನ್ನುತ್ತಾನೆ. ನಿಜವಾದ ಪ್ರಶ್ನೆ ಬರುವುದು ಒಳಬಾಗಿಲಿಂದ. ಅಮ್ಮನೋ ಅಜ್ಜಿಯೋ ಬಾಗಿಲಿಗೆ ಒರಗಿ ನಿಂತು ಕೇಳುತ್ತಾರೆ: “ರಾತ್ರಿ ಯಾರಿರ್ತಾರೆ?”

ಏನು ಕಲಿಸುತ್ತೀರಿ, ಪ್ರಮಾಣಪತ್ರ ಸಿಗುತ್ತದಾ, ಊಟಕ್ಕೆ ಏನು ಎಂಬುದೆಲ್ಲ ಆಮೇಲೆ. ಗಂಡುಮಕ್ಕಳ ಮನೆಯಲ್ಲಿ ಈ ಪ್ರಶ್ನೆಯೇ ಇಲ್ಲ. ಹೆಣ್ಣುಮಕ್ಕಳ ಮನೆಯಲ್ಲಿ ಮಾತು ಅದರಿಂದಲೇ ಹೊರಡುತ್ತದೆ. ಅಕ್ಕೋರು ಹೇಳುವುದೂ ಒಂದೇ ಮಾತು: “ನಾನಿರ್ತೇನೆ.” ಅಷ್ಟು ಹೇಳಿ, ಕೊಟ್ಟ ಮಜ್ಜಿಗೆ ಕುಡಿದು ಸುಮ್ಮನೆ ಕೂರುತ್ತಾರೆ. ಒಂದು ಮನೆಗೆ ಮೂರು ಸಲ ಹೋಗಿ ಮೂರು ಸಲವೂ ಹಲಸಿನ ಹಪ್ಪಳ ತಿಂದು ಬಂದಮೇಲೆ ಹುಡುಗಿಯನ್ನು ಕಳಿಸಿದರಂತೆ. ಆ ಹುಡುಗಿ ಈಗ ನರ್ಸ್. ಶಿಬಿರದ ಔಷಧಿ ಪೆಟ್ಟಿಗೆ ತುಂಬಿಸಿಕೊಡುವವಳು ಅವಳೇ.

ಹಗ್ಗದ ತುದಿ ಬಿಚ್ಚಿಕೊಳ್ಳದಂತೆ ಮೇಣದ ಬತ್ತಿಯ ಉರಿಗೆ ಹಿಡಿದು ಸುಡುತ್ತ ಅಕ್ಕೋರು ಚರಿತ್ರೆ ಹೇಳಿದರು. 1909ರ ಸೆಪ್ಟೆಂಬರ್. ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ಸ್ಕೌಟಿಂಗ್ ಸ್ಥಾಪಕ ಬೇಡನ್ ಪೊವೆಲ್ ಸ್ಕೌಟ್ ಹುಡುಗರ ಮೇಳ ಕರೆದಿದ್ದರು. ಕರೆಯದೇ ಇದ್ದರೂ ಕೆಲವು ಹುಡುಗಿಯರು ಬಂದು ನಿಂತರು, ನಾವೂ ಸ್ಕೌಟ್‌ಗಳೇ ಅಂದರು. ಅವರನ್ನು ಹಿಂದಕ್ಕೆ ಕಳಿಸಲಾಗದೆ ಬೇಡನ್ ಪೊವೆಲ್ ತಮ್ಮ ತಂಗಿ ಆಗ್ನೆಸ್‌ಗೆ ಈ ಕೆಲಸ ಒಪ್ಪಿಸಿದರು. 1910ರಲ್ಲಿ ಗರ್ಲ್ ಗೈಡ್ಸ್ ಹುಟ್ಟಿತು. ಮರುವರ್ಷವೇ, 1911ರಲ್ಲಿ, ಭಾರತದ ಮೊದಲ ಗೈಡ್ ಕಂಪನಿ ಜಬಲ್ಪುರದಲ್ಲಿ ಶುರುವಾಯಿತು. ಹುಡುಗರ ಸ್ಕೌಟಿಂಗ್ ಮಾತ್ರ ನಮ್ಮ ಬೆಂಗಳೂರಿನಲ್ಲೇ 1909ರಲ್ಲಿ ಕಾಲಿಟ್ಟಿತ್ತು. ಸ್ವಾತಂತ್ರ್ಯದ ನಂತರ ಬೇರೆಬೇರೆ ಸ್ಕೌಟ್ ಸಂಸ್ಥೆಗಳು 1950ರ ನವೆಂಬರ್ 7ರಂದು ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಎಂಬ ಒಂದೇ ಹೆಸರಿನಡಿ ಸೇರಿದವು. 1951ರ ಆಗಸ್ಟ್ 15ರಂದು ಗೈಡ್ಸ್ ಕೂಡ ಅದರೊಳಗೆ ಬಂತು.

“ಕರೆಯದೇ ಬಂದವರು ನಾವು” ಎಂದರು ಅಕ್ಕೋರು, ಸುಟ್ಟ ತುದಿಯನ್ನು ಬೆರಳಲ್ಲಿ ಹೊಸೆಯುತ್ತ. ಆ ಹುಡುಗಿಯರ ಬಗ್ಗೆ ಅವರಿಗೆ ನೆಂಟರ ಬಗ್ಗೆ ಇರುವಂಥ ಅಭಿಮಾನ.

ಅವರೂ ಈ ಕೆಲಸಕ್ಕೆ ತಾವಾಗಿ ಬಂದವರೇ. ಯಾವ ಕ್ಯಾಪ್ಟನ್ನಿಗೂ ಇದಕ್ಕೆ ಸಂಬಳವಿಲ್ಲ. ಶಾಲೆ ಮುಗಿಸಿ, ಸ್ವಂತ ರಜೆ ಕಳೆದು ಮಾಡಬೇಕಾದದ್ದು. ಚಿಕ್ಕ ಮಕ್ಕಳ ಬುಲ್‌ಬುಲ್ ಗುಂಪಿಗೆ ಫ್ಲಾಕ್ ಲೀಡರ್, ಹತ್ತು ದಾಟಿದವರ ಕಂಪನಿಗೆ ಗೈಡ್ ಕ್ಯಾಪ್ಟನ್, ಕಾಲೇಜಿನ ರೇಂಜರ್‌ಗಳಿಗೆ ರೇಂಜರ್ ಲೀಡರ್. ತರಬೇತಿ ಪಡೆಯದೆ ಯಾರೂ ಶಿಬಿರ ನಡೆಸುವಂತಿಲ್ಲ. ಅಕ್ಕೋರು ಮೊದಲ ತರಬೇತಿಗೆ ಹೋದದ್ದು ದೊಡ್ಡಬಳ್ಳಾಪುರದ ಆನಿ ಬೆಸೆಂಟ್ ಪಾರ್ಕಿಗೆ, ಆರು ತಿಂಗಳ ಮಗುವನ್ನು ತಾಯಿಮನೆಯಲ್ಲಿ ಬಿಟ್ಟು. ಮುಂದೆ ಮಧ್ಯಪ್ರದೇಶದ ಪಚಮಡಿಗೂ ಹೋಗಿ ಹಿಮಾಲಯ ವುಡ್ ಬ್ಯಾಡ್ಜ್ ಪಡೆದರು. ಚರ್ಮದ ಎಳೆಗೆ ಪೋಣಿಸಿದ ಎರಡು ಮರದ ಮಣಿ ಅದರ ಗುರುತು. 1919ರಲ್ಲಿ ಇಂಗ್ಲೆಂಡಿನ ಗಿಲ್‌ವೆಲ್ ಪಾರ್ಕಿನಲ್ಲಿ ಮೊದಲ ತರಬೇತಿ ಮುಗಿಸಿದವರಿಗೆ ಬೇಡನ್ ಪೊವೆಲ್ ತಾವು ಆಫ್ರಿಕಾದಿಂದ ತಂದಿದ್ದ ಹಾರವೊಂದರ ಮಣಿಗಳನ್ನು ಬಿಡಿಸಿ ಕೊಟ್ಟರು. ಆ ಪದ್ಧತಿ ಇನ್ನೂ ಉಳಿದಿದೆ. ಅಕ್ಕೋರ ಮಣಿಗಳು ಟ್ರಂಕಿನ ಮೂಲೆಯಲ್ಲಿ, ಕುಂಕುಮದ ಭರಣಿಯೊಳಗಿವೆ.

ಹಗಲಿನ ಶಿಬಿರ ಎಲ್ಲ ಕಡೆಯಂತೆಯೇ. ಬೆಳಿಗ್ಗೆ ಸೀಟಿ, ವ್ಯಾಯಾಮ, ಧ್ವಜವಂದನೆ. ನಲವತ್ತೆರಡು ಹುಡುಗಿಯರು ಆರೇಳು ಜನರ ಗುಂಪುಗಳಾಗಿ ಹಂಚಿಹೋಗಿದ್ದರು. ಗುಂಪಿಗೆ ಪೆಟ್ರೋಲ್ ಎನ್ನುತ್ತಾರೆ, ಒಂದೊಂದಕ್ಕೂ ಒಂದು ಹೂವಿನ ಹೆಸರು. ಸೇವಂತಿಗೆಯವರು ತಟ್ಟೆ ಜೋಡಿಸಲು ಬಿದಿರಿನ ಸ್ಟ್ಯಾಂಡ್ ಕಟ್ಟುತ್ತಿದ್ದರು. ಒಂದು ಮೊಳೆಯೂ ಇಲ್ಲ. ಎರಡು ಗಳ ಅಡ್ಡಡ್ಡ ಇಟ್ಟು, ಒಂದಕ್ಕೆ ಕ್ಲೋವ್ ಹಿಚ್ ಹಾಕಿ, ಹಗ್ಗವನ್ನು ಎರಡನ್ನೂ ಬಳಸಿ ಮೂರು ಸುತ್ತು ತಂದು, ಗಳಗಳ ನಡುವೆ ಎರಡು ಸುತ್ತು ಬಿಗಿದು, ಕೊನೆಗೆ ಮತ್ತೆ ಕ್ಲೋವ್ ಹಿಚ್. ನಡುವಿನ ಬಿಗಿತದಲ್ಲೇ ಎಲ್ಲ ಇದೆ. ಅಲ್ಲಿ ಕೈ ಸಡಿಲ ಮಾಡಿದರೆ ತಟ್ಟೆಯ ಭಾರಕ್ಕೆ ಸ್ಟ್ಯಾಂಡ್ ವಾಲುತ್ತದೆ. ಬೋಲೈನ್ ಗಂಟು ಕಲಿಸುವಾಗ ಒಬ್ಬಳು ಹುಡುಗಿ, ಇದು ನಮ್ಮ ಮನೆಯಲ್ಲಿ ದನದ ಕೊರಳಿಗೆ ಹಾಕುವುದೇ ಅಲ್ಲವಾ ಅಂದಳು. ಹೌದು, ಎಳೆದರೂ ಬಿಗಿಯಾಗದ ಕುಣಿಕೆ ಅದು. ಮುಂದಿನ ಅರ್ಧ ಗಂಟೆ ಪಾಠ ಮಾಡಿದವಳು ಅವಳೇ. ಅಕ್ಕೋರು ಕೆಳಗೆ ಮಕ್ಕಳ ಜೊತೆ ಕೂತು ಹಗ್ಗ ಹಿಡಿದರು.

ಅಡುಗೆಗೆ ಇಬ್ಬರು ತಾಯಂದಿರು, ಒಬ್ಬರು ತಾವೇ ಹಿಂದೆ ಶಿಬಿರಕ್ಕೆ ಬಂದಿದ್ದವರು. ತೋಟದ ಮನೆಯಿಂದ ದಿನಕ್ಕೆರಡು ಕೊಡ ಮಜ್ಜಿಗೆ. ಗೂಡ್ಸ್ ರಿಕ್ಷಾದವರು ಬಿದಿರು ತಂದಿಳಿಸಿ ಬಾಡಿಗೆ ತೆಗೆದುಕೊಳ್ಳದೆ ಹೋದರು. ಮೂವರು ರೇಂಜರ್‌ಗಳು, ಪದವಿ ಪರೀಕ್ಷೆಯ ಓದಿನ ನಡುವೆ ಬಂದವರು.

ಆ ರಾತ್ರಿ ನಾನೂ ಉಳಿದೆ. ಶಿಬಿರಾಗ್ನಿ ಮುಗಿದು, ಹತ್ತಕ್ಕೆ ಸೀಟಿ ಊದಿ ದೀಪ ಆರಿಸಿದರು. ಬೆಂಚು ಒತ್ತರಿಸಿದ ತರಗತಿ ಕೋಣೆಗಳಲ್ಲಿ ಸಾಲಾಗಿ ಹಾಸಿಗೆ. ಹನ್ನೊಂದರವರೆಗೆ ಪಿಸುಮಾತು, ತಡೆದ ನಗು. ಅಕ್ಕೋರು ಜಗಲಿಯಲ್ಲಿ ಕಂಬಕ್ಕೆ ತಾಗಿಸಿ ಇಟ್ಟ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರು. ಅಲ್ಲಿಂದ ನಾಲ್ಕೂ ಕೋಣೆಯ ಬಾಗಿಲು ಕಾಣುತ್ತವೆ. ಆ ಕಂಬವನ್ನು ಅವರು ಎಷ್ಟೋ ವರ್ಷದ ಹಿಂದೆ ಗೊತ್ತುಮಾಡಿಕೊಂಡಿದ್ದಾರೆ.

ಒಂದೂ ಮುಕ್ಕಾಲಿಗೆ ಎದ್ದರು. ಟಾರ್ಚ್ ಹಾಕಲಿಲ್ಲ. ಮೂಲೆಯ ಕೋಣೆಗೆ ಹೋಗಿ ಬಗ್ಗಿ ಒಬ್ಬಳ ಪಾದ ಮುಟ್ಟಿದರು, ಪಕ್ಕದವಳದ್ದು, ಆಚೆಯವಳದ್ದು. ಮೂವರನ್ನೂ ಹೊರಗೆ ಶೌಚಾಲಯಕ್ಕೆ ಕರೆದುಕೊಂಡು ಹೋಗಿ, ತಂದು ಮಲಗಿಸಿದರು. ಒಂದು ಮಾತೂ ಇಲ್ಲ.

ಬಂದು ಕೂತ ಮೇಲೆ ಮೆಲ್ಲಗೆ ಹೇಳಿದರು. “ಭುಜ ಮುಟ್ಟಿದರೆ ಬೆಚ್ಚಿ ಕೂಗ್ತಾರೆ. ಪಾದ ಮುಟ್ಟಿದರೆ ಸುಮ್ಮನೆ ಕಣ್ಣು ಬಿಡ್ತಾರೆ.” ಹತ್ತು, ಹನ್ನೊಂದು ವಯಸ್ಸಿಗೂ ಕೆಲವು ಮಕ್ಕಳಿಗೆ ರಾತ್ರಿ ಹಾಸಿಗೆ ಒದ್ದೆಯಾಗುತ್ತದೆ. ಶಿಬಿರಕ್ಕೆ ಬರಲಾರೆ ಅನ್ನುವ ಹುಡುಗಿಯರಲ್ಲಿ ಕೆಲವರ ನಿಜವಾದ ಕಾರಣ ಇದೇ. ಮನೆಮನೆಗೆ ಹೋದಾಗ ಅಮ್ಮಂದಿರು ಅಡುಗೆಮನೆಗೆ ಕರೆದು, ದನಿ ತಗ್ಗಿಸಿ ಹೇಳುತ್ತಾರೆ. ಅಕ್ಕೋರು ಅದನ್ನು ಎಲ್ಲೂ ಬರೆದಿಡುವುದಿಲ್ಲ, ಬರೆದದ್ದನ್ನು ಯಾರಾದರೂ ಓದಿಯಾರು ಎಂದು.

“ಒಬ್ಬಳನ್ನೇ ಎಬ್ಬಿಸಬಾರದು, ಮೂವರನ್ನು ಎಬ್ಬಿಸಬೇಕು. ಆಗ ಯಾರು ಅಂತ ಯಾರಿಗೂ ಗೊತ್ತಾಗಲ್ಲ.”

ನನಗೂ ಗೊತ್ತಾಗಲಿಲ್ಲ. ಬೆಳಿಗ್ಗೆ ಆ ಮೂವರೂ ಸಾಲಿನಲ್ಲಿ ನಿಂತು ಮೂರು ಬೆರಳಿನ ಸೆಲ್ಯೂಟ್ ಹೊಡೆಯುವುದನ್ನು ನೋಡಿದೆ. ರಬ್ಬರ್ ಶೀಟು ಟ್ರಂಕಿನಿಂದ ಹೊರಗೆ ಬರುವ ಪ್ರಸಂಗ ಬಹಳ ಅಪರೂಪವಂತೆ.

ಅಳುವಿನ ಲೆಕ್ಕವೂ ಅವರಿಗೆ ಬಾಯಿಪಾಠ. ಮೊದಲ ರಾತ್ರಿ ಎಲ್ಲ ಹೊಸತು, ಅಳು ಕಡಿಮೆ. ಎರಡನೇ ರಾತ್ರಿ ಮನೆ ನೆನಪಾಗುತ್ತದೆ. ಅತ್ತವಳನ್ನು ಸಮಾಧಾನ ಮಾಡಲು ಅವರು ಹೋಗುವುದಿಲ್ಲ. ಎಬ್ಬಿಸಿ ಅಡುಗೆಮನೆಗೆ ಕರೆದೊಯ್ದು, ಮರುದಿನದ ಸಾರಿಗೆ ಬೆಳ್ಳುಳ್ಳಿ ಸುಲಿಯಲು ಕೂರಿಸುತ್ತಾರೆ, ಎದುರಿಗೆ ತಾವೂ ಕೂರುತ್ತಾರೆ. ಮೂರನೇ ದಿನದ ಸಾರಿಗೆ ಬೆಳ್ಳುಳ್ಳಿ ಒಂದು ಹಿಡಿ ಜಾಸ್ತಿಯೇ ಬಿದ್ದಿರುತ್ತದೆ ಎಂದು ಅಡುಗೆಯವರು ಹೇಳಿದರು. ಯಾಕೆಂದು ಅವರಿಗೂ ಗೊತ್ತು.

ಆ ಅಂಚೆಕಾರ್ಡಿನ ಕಟ್ಟು, ಮಕ್ಕಳು ಮೊದಲ ದಿನವೇ ಮನೆಗೆ ಕಾಗದ ಬರೆಯುತ್ತಿದ್ದ ಕಾಲದ್ದು. ಕಾಗದಕ್ಕಿಂತ ಮೊದಲು ಹುಡುಗಿಯೇ ಮನೆ ಮುಟ್ಟುತ್ತಿದ್ದಳು. ಎರಡು ದಿನ ಬಿಟ್ಟು ಬಂದ ಕಾಗದವನ್ನು ಅಮ್ಮ ಓದಿಸಿಕೊಂಡು ಕೇಳುತ್ತಿದ್ದಳು. ಈಗ ಸಂಜೆ ಏಳಕ್ಕೆ ಹತ್ತು ನಿಮಿಷ ಫೋನು. ಫೋನ್ ಇಟ್ಟಮೇಲೆ ಅಳು ಹೆಚ್ಚು ಎನ್ನುತ್ತಾರೆ ಅಕ್ಕೋರು. ಕೊಡದಿದ್ದರೆ ಮನೆಯವರು ಕಳಿಸುವುದಿಲ್ಲ.

2022ರ ಡಿಸೆಂಬರಿನಲ್ಲಿ ಮೂಡುಬಿದಿರೆಯಲ್ಲಿ ಸ್ಕೌಟ್ಸ್ ಮತ್ತು ಗೈಡ್ಸ್‌ನ ಅಂತಾರಾಷ್ಟ್ರೀಯ ಸಾಂಸ್ಕೃತಿಕ ಜಾಂಬೂರಿ ನಡೆದಾಗ ಸಾವಿರಾರು ಮಕ್ಕಳು ಸೇರಿದ್ದನ್ನು ನಾವೆಲ್ಲ ಪತ್ರಿಕೆಯಲ್ಲಿ ನೋಡಿದ್ದೇವೆ. ಅಂಥ ಮೇಳಕ್ಕೆ ಹೋಗುವ ಧೈರ್ಯ ಹಳ್ಳಿಯ ಹುಡುಗಿಗೆ ಬರುವುದು ಇಂಥ ಐದು ದಿನದ ಶಿಬಿರದಲ್ಲೇ ಎಂದು ನನಗನ್ನಿಸುತ್ತದೆ. ಈ ಐದು ದಿನಗಳೇ ಈಗ ಕಷ್ಟದಲ್ಲಿವೆ. ಏಪ್ರಿಲ್ ಬಂದರೆ ಶಿಕ್ಷಕಿಯರಿಗೆ ಮೌಲ್ಯಮಾಪನ, ಕೆಲವು ವರ್ಷ ಚುನಾವಣೆಯ ಕೆಲಸ. ಹೊಸದಾಗಿ ಬಂದವರಿಗೆ ಪೇಟೆಯಿಂದ ಓಡಾಟ, ಮನೆಯಲ್ಲಿ ಸಣ್ಣ ಮಕ್ಕಳು. ‘ರಜೆ ನಮಗೂ ಬೇಕಲ್ಲ’ ಎಂದು ಅವರು ಕೇಳಿದರೆ ಅದು ತಪ್ಪಲ್ಲ. ಅಕ್ಕೋರೂ ತಪ್ಪೆನ್ನುವುದಿಲ್ಲ. ಆದರೆ ರಾತ್ರಿ ಉಳಿದದ್ದಕ್ಕೆ ಪ್ರತಿಯಾಗಿ ಒಂದು ದಿನದ ರಜೆ, ಹೋಗಿಬರುವ ಬಸ್ ಚಾರ್ಜು, ರಜೆಯಲ್ಲಿ ಬೀಗ ಬೀಳುವ ಶಾಲಾ ಶೌಚಾಲಯದ ಕೀಲಿಕೈ, ಇಷ್ಟನ್ನಾದರೂ ಕೇಳದೆಯೇ ಕೊಡುವ ವ್ಯವಸ್ಥೆ ಬೇಕು. ನಾನು ಹೋದ ವರ್ಷ ಕೀಲಿಕೈಗಾಗಿ ಅಕ್ಕೋರು ನಾಲ್ಕು ಸಲ ಓಡಾಡಿದ್ದರು.

ಮೊಣಕಾಲು ನೋವು ಅವರಿಗೆ. ಎರಡನೇ ರಾತ್ರಿ ಬಗ್ಗಿ ಪಾದ ಮುಟ್ಟಿ ಏಳುವಾಗ ಗೋಡೆ ಹಿಡಿದುಕೊಂಡರು. ಒಬ್ಬ ರೇಂಜರ್ ಹುಡುಗಿ ಎದ್ದು ಬಂದು ಹಿಂದೆ ನಿಂತಿದ್ದಳು, ಕೈ ಕೊಡಲೋ ಬೇಡವೋ ಎಂಬಂತೆ. ಜೂನಿನಲ್ಲಿ ಅವಳು ಕೆಲಸಕ್ಕೆ ಬೆಂಗಳೂರಿಗೆ ಹೋಗುವವಳು.

ಕೊನೆಯ ದಿನ ಮಧ್ಯಾಹ್ನ ಬಿದಿರು ಬಿಚ್ಚಿ ಗೋಡೆಗೆ ಒರಗಿಸಿದರು. ಒಲೆಯ ಬೂದಿ ಬಳಿದು, ತೋಡಿದ ಗುಂಡಿ ಮುಚ್ಚಿ ಮೇಲೆ ಸೊಪ್ಪು ಹರಡಿದರು. ಘಟ್ಟದ ಮೇಲೆ ಮೋಡ ಕಟ್ಟಿತ್ತು. ಬೈಕು, ರಿಕ್ಷಾ, ಒಂದು ಜೀಪು ಬಂದವು. ಹುಡುಗಿಯರು ಒಬ್ಬರಿಗೊಬ್ಬರು ಎಡಗೈ ಕುಲುಕಿ, ಮತ್ತೆ ತಿರುಗಿ ಬಂದು ಕುಲುಕಿ ಹೊರಟರು. ಅಕ್ಕೋರು ಜಗಲಿಯಲ್ಲಿ ಟ್ರಂಕು ತೆರೆದಿಟ್ಟು ಹಗ್ಗ ಎಣಿಸುತ್ತಿದ್ದರು.

ಒಬ್ಬಳು ತಾಯಿ ಮಗಳ ಹಾಸಿಗೆ ಸುತ್ತಿ ಹೆಗಲಿಗೆ ಹಾಕಿಕೊಂಡು ಅಲ್ಲಿಗೆ ಬಂದಳು. ತಂಗಿಗೂ ಬರುವ ವರ್ಷ ಹತ್ತು ತುಂಬುತ್ತದೆ, ಕಳಿಸಬೇಕು ಅಂತಿದೆ ಎಂದಳು. ಎರಡು ಹೆಜ್ಜೆ ಹೋದವಳು ತಿರುಗಿ ನಿಂತಳು.

“ಬರುವ ವರ್ಷ ರಾತ್ರಿ ಯಾರಿರ್ತಾರೆ, ಅಕ್ಕೋರೆ?”

ಅಕ್ಕೋರು ತಲೆ ಎತ್ತಿ ಅವಳನ್ನು ನೋಡಿದರು. ಆಮೇಲೆ ಮಡಿಲಲ್ಲಿದ್ದ ಹಗ್ಗಗಳನ್ನು ಮತ್ತೆ ಮೊದಲಿನಿಂದ ಎಣಿಸತೊಡಗಿದರು.

“ಒಂದು ಹಗ್ಗ ಕಡಿಮೆ ಬರ್ತಾ ಇದೆ. ಆ ಬಿದಿರಿನ ಹತ್ತಿರ ಬಿದ್ದಿದೆಯಾ ನೋಡು ಮಾರಾಯ್ತಿ” ಎಂದರು. ಆ ತಾಯಿ ಹಾಸಿಗೆ ಕೆಳಗಿಟ್ಟು ಹುಡುಕಲು ಹೋದಳು.