ಕಿತ್ತಳೆ ಬಿಸ್ಕತ್ತಿನಲ್ಲಿ ಕಿತ್ತಳೆಯ ಪಾಲೆಷ್ಟು?

ಒಂದು ಬಿಸ್ಕತ್ತಿಗೆ 4 ರೂಪಾಯಿ 26 ಪೈಸೆ. ಕಳೆದ ಡಿಸೆಂಬರಿನಲ್ಲಿ ಮಂಗಳೂರಿನ ನಮ್ಮ ಮನೆಯಲ್ಲಿ ಕ್ರಿಸ್‌ಮಸ್ಸಿಗೆ ಮನೆಮನೆಗೆ ಹಂಚುವ ತಿಂಡಿ ತಟ್ಟೆ ಕುಸ್ವಾರಿಗೆಂದು ಮಾಡಿದ 240 ಕಿತ್ತಳೆ-ನಿಂಬೆ ಬಿಸ್ಕತ್ತುಗಳ ಖರ್ಚನ್ನು ಭಾಗಿಸಿದಾಗ ಸಿಕ್ಕಿದ ಲೆಕ್ಕ ಇದು. ಈ 4 ರೂಪಾಯಿ 26 ಪೈಸೆಯಲ್ಲಿ 2 ರೂಪಾಯಿ 86 ಪೈಸೆ ಬೆಣ್ಣೆಗೇ ಹೋಯಿತು. ಕಿತ್ತಳೆ, ನಿಂಬೆ ಎರಡೂ ಸೇರಿ ತೆಗೆದುಕೊಂಡದ್ದು 70 ಪೈಸೆ. ಹೆಸರು ಕಿತ್ತಳೆಯದು, ದುಡ್ಡು ಬೆಣ್ಣೆಯದು.

ಕುಸ್ವಾರ್ ತಟ್ಟೆಯ ತಿಂಡಿಗಳಲ್ಲಿ ಹೆಚ್ಚಿನವು ಎಣ್ಣೆ ಬಾಣಲೆಯಿಂದ ಎದ್ದು ಬಂದವು: ನೆವ್ರಿ, ಕಿಡಿಯೊ, ಕೊಕ್ಕಿಸಾಂ, ಚಕ್ಕುಲಿ. ಓವನ್ನಿನಿಂದ ಬರುವುದು ಕೇಕು ಮತ್ತು ಒಂದಿಷ್ಟು ನಾನ್‌ಖಟಾಯಿ. ಮೂರು ವರ್ಷದ ಹಿಂದೆ ಈ ಸಾಲಿಗೆ ಕಿತ್ತಳೆ ಬಿಸ್ಕತ್ತು ಸೇರಿತು. ಮಕ್ಕಳು ಅದನ್ನು ಕುಕೀಸ್ ಎನ್ನುತ್ತಾರೆ, ಅತ್ತೆಗೆ ಅದು ಬಿಸ್ಕತ್ತೇ. ಸೇರಿಸಲು ಕಾರಣವಿತ್ತು. ನಮ್ಮ ತಟ್ಟೆ ಹೋಗುವ 24 ಮನೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕಡೆ ಮೊಟ್ಟೆ ತಿನ್ನುವುದಿಲ್ಲ. ದೀಪಾವಳಿಗೆ ಅವರ ಮನೆಯಿಂದ ಹೋಳಿಗೆ ಬಂದಿರುತ್ತದೆ, ಕ್ರಿಸ್‌ಮಸ್ಸಿಗೆ ನಾವು ಮೊಟ್ಟೆಯ ಕೇಕು ಕಳಿಸಿದರೆ ಅವರಿಗೂ ಮುಜುಗರ, ನಮಗೂ ಮುಜುಗರ.

ಆದ್ದರಿಂದ ಹಿಡಿದದ್ದು ಸ್ಕಾಟ್ಲೆಂಡಿನ ಶಾರ್ಟ್‌ಬ್ರೆಡ್ಡಿನ ಹಳೆಯ ಅಳತೆ: ಮೈದಾ 3 ಪಾಲು, ಬೆಣ್ಣೆ 2 ಪಾಲು, ಸಕ್ಕರೆ 1 ಪಾಲು. ಮೊಟ್ಟೆ ಬೇಡ, ಬೇಕಿಂಗ್ ಪೌಡರ್ ಬೇಡ. 300 ಗ್ರಾಂ ಮೈದಾ, 200 ಗ್ರಾಂ ಬೆಣ್ಣೆ, 100 ಗ್ರಾಂ ಪುಡಿ ಸಕ್ಕರೆ ಸೇರಿದರೆ 600 ಗ್ರಾಂ ಹಿಟ್ಟು. 15 ಗ್ರಾಮಿಗೊಂದರಂತೆ ಕತ್ತರಿಸಿದರೆ 40 ಬಿಸ್ಕತ್ತು. ಮನೆಗೆ ಎಂಟರಂತೆ 24 ಮನೆಗೆ 192, ನಮ್ಮ ಡಬ್ಬಕ್ಕೆ 48, ಒಟ್ಟು 240. ಅಂದರೆ ಇದೇ ಅಳತೆ ಆರು ಸಲ.

ಬೆಣ್ಣೆಯಿಂದಲೇ ಶುರು ಮಾಡೋಣ. ಆರು ಸಲಕ್ಕೆ 1.2 ಕಿಲೋ ಬೇಕು. ಉಪ್ಪಿಲ್ಲದ ನಂದಿನಿ ಬೆಣ್ಣೆ ಅರ್ಧ ಕಿಲೋ ಪೊಟ್ಟಣಕ್ಕೆ 286 ರೂಪಾಯಿ, ಆ ಲೆಕ್ಕದಲ್ಲಿ 686 ರೂಪಾಯಿ. 2025ರ ಸೆಪ್ಟೆಂಬರ್ 22ಕ್ಕೆ ಮೊದಲು ಇದೇ ಪೊಟ್ಟಣಕ್ಕೆ 305 ರೂಪಾಯಿ ಇತ್ತು. ಬೆಣ್ಣೆಯ ಮೇಲಿನ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿದದ್ದರಿಂದ ನಮಗೆ ಉಳಿದದ್ದು 46 ರೂಪಾಯಿ. ಅದೇ ದಿನ ಅಂಗಡಿ ಬಿಸ್ಕತ್ತಿನ ತೆರಿಗೆ ಶೇ 18ರಿಂದ 5ಕ್ಕೆ ಬಂತು. ಮನೆಯಲ್ಲಿ ಮಾಡುವವರಿಗಿಂತ ಕೊಂಡು ತಿನ್ನುವವರಿಗೆ ಹೆಚ್ಚು ಲಾಭವಾಯಿತು ಎಂದು ಗೊಣಗಬಹುದು, ಗೊಣಗಿದೆ ಕೂಡ.

ಇಷ್ಟು ದುಡ್ಡು ಬೆಣ್ಣೆಗೆ ಯಾಕೆ, ತುಪ್ಪ ಹಾಕಬಾರದೇ ಎಂದು ಅತ್ತೆ ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಬೆಣ್ಣೆಯಲ್ಲಿ ಕೊಬ್ಬು ಶೇ 80ರಷ್ಟು, ಉಳಿದದ್ದರಲ್ಲಿ ಬಹುಪಾಲು ನೀರು. ತುಪ್ಪವೋ ಹೆಚ್ಚುಕಡಿಮೆ ಪೂರ್ತಿ ಕೊಬ್ಬು. ಹಾಗಾಗಿ 1.2 ಕಿಲೋ ಬೆಣ್ಣೆಯ ಜಾಗದಲ್ಲಿ 960 ಗ್ರಾಂ ತುಪ್ಪ ಸಾಕು. ನಂದಿನಿ ತುಪ್ಪ ಲೀಟರಿಗೆ 700 ರೂಪಾಯಿ, ಲೀಟರಿನ ತೂಕ ಸುಮಾರು 910 ಗ್ರಾಂ. ಲೆಕ್ಕ ಹಾಕಿದರೆ 738 ರೂಪಾಯಿ. ಬೆಣ್ಣೆಗಿಂತ ತುಪ್ಪವೇ 52 ರೂಪಾಯಿ ದುಬಾರಿ! ಅತ್ತೆ ಸೋತರು. ಆದರೂ ಒಂದು ಸಲ ತುಪ್ಪದಲ್ಲಿ ಮಾಡಿ ನೋಡಿದೆವು. ಬಂದದ್ದು ಒಳ್ಳೆಯ ನಾನ್‌ಖಟಾಯಿ, ಕಿತ್ತಳೆಯ ವಾಸನೆ ಮೂಗಿಗೆ ಸಿಗಲೇ ಇಲ್ಲ. ತುಪ್ಪದ ಘಮದ ಮುಂದೆ ಬೇರೆ ಯಾವುದಕ್ಕೂ ಎದ್ದು ನಿಲ್ಲುವ ತಾಕತ್ತಿಲ್ಲ. ಬೇಕರಿಯವರು ಬಳಸುವ ಮಾರ್ಜರಿನ್ ಕಿಲೋಗೆ 200 ರೂಪಾಯಿ ಎಂದು ಸಗಟು ಅಂಗಡಿಯವರು ಹೇಳಿದರು. ಅದನ್ನು ಹಾಕಿದ್ದರೆ 446 ರೂಪಾಯಿ ಉಳಿಯುತ್ತಿತ್ತು. ವರ್ಷಕ್ಕೊಮ್ಮೆ ಹಂಚುವ ತಟ್ಟೆಯಲ್ಲಿ ಅಷ್ಟು ಉಳಿಸುವ ಮನಸ್ಸಾಗಲಿಲ್ಲ.

ಇನ್ನು ಹಣ್ಣು. ಕಿತ್ತಳೆ ದರ ಎಂದರೆ ಮಂಗಳೂರಿನವರಿಗೆ ಹರೇಕಳ ಹಾಜಬ್ಬರ ನೆನಪಾಗದೆ ಇರದು. ವಿದೇಶಿಯರು ಇಂಗ್ಲಿಷಿನಲ್ಲಿ ದರ ಕೇಳಿದಾಗ ಉತ್ತರಿಸಲಾಗದ ಸಂಕಟದಿಂದ, ಬುಟ್ಟಿಯಲ್ಲಿ ಕಿತ್ತಳೆ ಮಾರಿದ ದುಡ್ಡಿನಲ್ಲಿ ಊರಿಗೊಂದು ಶಾಲೆ ಕಟ್ಟಿಸಿದವರು. 2020ರಲ್ಲಿ ಅವರಿಗೆ ಪದ್ಮಶ್ರೀ ಘೋಷಣೆಯಾಯಿತು. ಕಳೆದ ಡಿಸೆಂಬರಿನಲ್ಲಿ ಹಂಪನಕಟ್ಟೆಯ ಬಂಡಿಯಲ್ಲಿ ನಾಗಪುರದ ಕಿತ್ತಳೆ ಕಿಲೋಗೆ 80 ರೂಪಾಯಿ ಇತ್ತು. 12 ಹಣ್ಣು ತೂಗಿದ್ದು 1.8 ಕಿಲೋ, ಕೊಟ್ಟದ್ದು 144 ರೂಪಾಯಿ. ಒಂದಕ್ಕೆ 4 ರೂಪಾಯಿಯಂತೆ ಆರು ನಿಂಬೆಹಣ್ಣಿಗೆ 24. ಒಟ್ಟು 168.

ಈ 168 ರೂಪಾಯಿ ಹಣ್ಣಿನಲ್ಲಿ ಬಿಸ್ಕತ್ತಿನೊಳಗೆ ಹೋದದ್ದು ಎಷ್ಟು? ಕಿತ್ತಳೆಯ ಹೊರಸಿಪ್ಪೆಯ ತುರಿ ಹಣ್ಣಿಗೆ ಮೂರೂವರೆ ಗ್ರಾಮಿನಂತೆ 42 ಗ್ರಾಂ, ನಿಂಬೆಯದು ಒಂದೂವರೆಯಂತೆ 9 ಗ್ರಾಂ. ಎರಡೂ ಸೇರಿ 51 ಗ್ರಾಂ. 3.6 ಕಿಲೋ ಹಿಟ್ಟಿನಲ್ಲಿ ಇದು ಶೇಕಡ ಒಂದೂವರೆಯೂ ಇಲ್ಲ. ಅಷ್ಟೇ ಸಾಕು, ಯಾಕೆಂದರೆ ಕಿತ್ತಳೆಯ ಪರಿಮಳ ಇರುವುದು ರಸದಲ್ಲಲ್ಲ, ಸಿಪ್ಪೆಯ ಬಣ್ಣದ ಪದರದಲ್ಲಿರುವ ಎಣ್ಣೆಯ ಪುಟ್ಟ ಚೀಲಗಳಲ್ಲಿ. ಸಿಪ್ಪೆ ಮಡಚಿ ಹಿಂಡಿ ಅಣ್ಣನ ಕಣ್ಣಿಗೆ ಹಾರಿಸಿದವರಿಗೆಲ್ಲ ಇದು ಗೊತ್ತು. ಅದರ ಕೆಳಗಿನ ಬಿಳಿ ಪದರ ಕಹಿ, ತುರಿಮಣೆ ಅಲ್ಲಿಗೆ ಇಳಿಯಬಾರದು.

ಮೊದಲ ವರ್ಷ ಇದು ಗೊತ್ತಿಲ್ಲದೆ ನಾನು ಎರಡು ಚಮಚ ರಸ ಸುರಿದಿದ್ದೆ. ರಸದಲ್ಲಿ ಹೆಚ್ಚಿನದು ನೀರು. ಮೈದಾಕ್ಕೆ ನೀರು ಬಿದ್ದರೆ ಜಿಗುಟು ಬರುತ್ತದೆ, ಚಪಾತಿಗೆ ಅದು ಬೇಕು, ಶಾರ್ಟ್‌ಬ್ರೆಡ್ಡಿಗೆ ಬೇಡ. 40 ಬಿಸ್ಕತ್ತು ಹಲ್ಲಿಗೆ ಸವಾಲಾಗಿ ಹೊರಬಂದವು, ಸುಮಾರು 150 ರೂಪಾಯಿ ಸಾಮಾನು ಚಹಾದಲ್ಲಿ ಮುಳುಗಿಸಿ ಮುಗಿಸಬೇಕಾಯಿತು. ಎಸೆನ್ಸ್ ಹಾಕಿದರೆ ಹಣ್ಣಿನ ಖರ್ಚೇ ಉಳಿಯುತ್ತದಲ್ಲ ಎಂದು ಮರುವರ್ಷ ಸಣ್ಣ ಬಾಟಲಿ ತಂದೆವು. ಬಾಯಲ್ಲಿ ಉಳಿದದ್ದು ಗೂಡಂಗಡಿಯ ಕಿತ್ತಳೆ ಪೆಪ್ಪರಮಿಂಟಿನ ರುಚಿ. ಅದೂ ಇಷ್ಟವೇ, ಆದರೆ ಪೆಪ್ಪರಮಿಂಟಿನಲ್ಲಿ.

ಅಸಲಿಗೆ ಹಣ್ಣಿನ 168 ರೂಪಾಯಿಯನ್ನು ಬಿಸ್ಕತ್ತಿನ ತಲೆಗೆ ಕಟ್ಟುವುದೂ ಅನ್ಯಾಯವೇ. ತುರಿದ ಮೇಲೆ 12 ಕಿತ್ತಳೆಯನ್ನೂ ತಿಂದೆವು, ನಿಂಬೆ ಶರಬತ್ತಾಯಿತು. ಎಸೆಯುವ ಸಿಪ್ಪೆಗೆ ಬೆಲೆ ಸೊನ್ನೆ ಎಂದರೆ ಬಿಸ್ಕತ್ತಿನ ಖರ್ಚು 3 ರೂಪಾಯಿ 56 ಪೈಸೆಗೆ ಇಳಿಯುತ್ತದೆ. ಒಂದೇ ತೊಡಕು: ತುರಿದ ಹಣ್ಣು ಬೇಗ ಒಣಗುತ್ತದೆ, ಎರಡು ದಿನದಲ್ಲಿ ತಿಂದು ಮುಗಿಸಬೇಕು. ನಾಗಪುರದ ಕಿತ್ತಳೆಯ ಸಿಪ್ಪೆ ಸಡಿಲ, ತುರಿಯುವುದು ಕಷ್ಟ. ಸಿಪ್ಪೆ ಬಿಗಿಯಾಗಿರುವ ಆಮದು ಹಣ್ಣಿನಲ್ಲಿ ಒಂದಕ್ಕೆ 6 ಗ್ರಾಂ ತುರಿ ಸಿಗುತ್ತದೆ, ಏಳು ಹಣ್ಣು ಸಾಕು. ಆದರೆ ಒಂದಕ್ಕೆ 36 ರೂಪಾಯಿಯಂತೆ 252 ರೂಪಾಯಿ ಆಗುತ್ತದೆ, ಮೇಲಿನ ಮೇಣವನ್ನು ಬಿಸಿನೀರಿನಲ್ಲಿ ಉಜ್ಜಿ ತೆಗೆಯುವ ಕೆಲಸ ಬೇರೆ. 2006ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಕೊಡಗಿನ ಕಿತ್ತಳೆ ಕೈಗೆ ಸಿಕ್ಕಿದರೆ ಬಿಡಬೇಡಿ. ರೋಗ ಬಿದ್ದು ತೋಟಗಳು ಕರಗಿರುವುದರಿಂದ ಸಿಗುವುದೇ ಅಪರೂಪ.

ಉಳಿದವು ಚಿಲ್ಲರೆ ಬಾಬತ್ತು. ಮೈದಾ 1.8 ಕಿಲೋಗೆ 86 ರೂಪಾಯಿ, ಸಕ್ಕರೆ 600 ಗ್ರಾಮಿಗೆ 28, ಬಟರ್ ಪೇಪರ್ 30. ಸಕ್ಕರೆಯನ್ನು ಮಿಕ್ಸಿಯಲ್ಲಿ ಪುಡಿಮಾಡಿ, ತುರಿಯನ್ನು ಅದರಲ್ಲೇ ಬೆರಳಿನಿಂದ ತಿಕ್ಕಬೇಕು. ಎಣ್ಣೆ ಸಕ್ಕರೆಗೆ ಇಳಿದು ಅಡುಗೆಮನೆಯೆಲ್ಲ ಘಮ್ಮೆನ್ನುತ್ತದೆ. ಡಿಸೆಂಬರಿನಲ್ಲೂ ಮಧ್ಯಾಹ್ನ 30 ಡಿಗ್ರಿ ದಾಟುವ ಊರು ನಮ್ಮದು, ಉಂಡೆ ಕಟ್ಟಿದ ಹಿಟ್ಟನ್ನು ಒಂದು ಗಂಟೆ ಫ್ರಿಜ್ಜಿನಲ್ಲಿ ಇಡದಿದ್ದರೆ ಬೆಣ್ಣೆ ಕರಗಿ ತಟ್ಟೆ ತುಂಬ ಹರಡುತ್ತದೆ. ಮೇಲೆ ನಿಂಬೆರಸ-ಸಕ್ಕರೆಯ ಲೇಪ ಕೊಡುವ ಆಸೆಯನ್ನು ಕರಾವಳಿಯವರು ಬಿಟ್ಟುಬಿಡುವುದು ಲೇಸು, ಡಬ್ಬದಲ್ಲಿ ಅಂಟಿಕೊಳ್ಳುತ್ತದೆ.

ವಿದ್ಯುತ್ತಿನ ಲೆಕ್ಕ ಮಾತ್ರ ಸ್ವಲ್ಪ ತಮಾಷೆಯದು. ನಮ್ಮ ಸಣ್ಣ ಓವನ್ನಿಗೆ ಒಂದು ಸಲಕ್ಕೆ 20 ಬಿಸ್ಕತ್ತು ಹಿಡಿಯುತ್ತದೆ. 165 ಡಿಗ್ರಿಯಲ್ಲಿ 15 ನಿಮಿಷದಂತೆ 12 ಟ್ರೇ, ಮೊದಲು ಕಾಯಿಸಿದ್ದೂ ಸೇರಿ 3 ಗಂಟೆ 20 ನಿಮಿಷ. ಮೀಟರು ಓಡಿದ್ದು ಮೂರೂವರೆ ಯೂನಿಟ್. ಯೂನಿಟ್ಟಿಗೆ 7 ರೂಪಾಯಿ ಹಿಡಿದು 25 ರೂಪಾಯಿ ಬರೆದುಕೊಂಡೆ. ಗೃಹಜ್ಯೋತಿಯಲ್ಲಿ ನಿಮಗೆ ನಿಗದಿಯಾದ ಯೂನಿಟ್ಟಿನೊಳಗೇ ಇದ್ದರೆ ಇದು ಸೊನ್ನೆ. ಆದರೆ ತಿಂಗಳ ಬಳಕೆ ಆಗಲೇ 198ಕ್ಕೆ ಬಂದು ನಿಂತಿದ್ದರೆ? ಇನ್ನು ಮೂರೂವರೆ ಸೇರಿ 200 ದಾಟಿತು, ಪೂರ್ತಿ ಬಿಲ್ ಕಟ್ಟಬೇಕು. ಸಾವಿರ ರೂಪಾಯಿ ಮೀರುವ ಆ ಬಿಲ್ಲಿನಲ್ಲಿ 240 ಬಿಸ್ಕತ್ತಿನ ಖರ್ಚು ಇದ್ದಲ್ಲೇ ಇಮ್ಮಡಿಯಾಗುತ್ತದೆ. ಓವನ್ ಹಚ್ಚುವ ಮುನ್ನ ಮೀಟರಿನತ್ತ ಒಮ್ಮೆ ಕಣ್ಣು ಹಾಯಿಸಿ.

ಹೀಗೆ ಒಟ್ಟು 1,023 ರೂಪಾಯಿ, ಅದರಲ್ಲಿ ಬೆಣ್ಣೆ ಶೇ 67, ಹಣ್ಣು ಶೇ 16, ಮೈದಾ ಶೇ 8. ಬೆಂದಾಗ ನೀರು ಆರಿ 15 ಗ್ರಾಮಿನ ಬಿಸ್ಕತ್ತು ಹದಿಮೂರೂವರೆ ಗ್ರಾಮಿಗೆ ಇಳಿಯಿತು. 3.24 ಕಿಲೋ ಸಿಕ್ಕಿತು, ಕಿಲೋಗೆ 316 ರೂಪಾಯಿ.

ಇದರಲ್ಲಿ ಕೈಕೆಲಸದ ಕೂಲಿ ಸೇರಿಲ್ಲ. ತುರಿಯುವುದಕ್ಕೇ 48 ನಿಮಿಷ ಹಿಡಿಯಿತು, ಎಲ್ಲ ಸೇರಿ ಏಳು ಗಂಟೆ. ಗಂಟೆಗೆ 100 ರೂಪಾಯಿ ಎಂದರೂ 700. ಆಗ ಕಾಲು ಕಿಲೋಗೆ ಸಾಮಾನು 79, ಕೂಲಿ 54, ಡಬ್ಬಿ 15, ಒಟ್ಟು 148 ರೂಪಾಯಿ. ನಮ್ಮೂರಿನಲ್ಲಿ ಮನೆಯಲ್ಲೇ ಮಾಡಿ ಮಾರುವ ಹೆಂಗಸರು ಕಾಲು ಕಿಲೋಗೆ 200 ಕೇಳಿದರೆ ದುಬಾರಿಯಾಯಿತು ಎಂದು ಚೌಕಾಶಿಗೆ ಇಳಿಯುತ್ತಿದ್ದವಳು ನಾನು. ಈಗ ಬಾಯಿ ಮುಚ್ಚಿಕೊಂಡು ಕೊಡುತ್ತೇನೆ, ನಿಜವಾದ ಬೆಣ್ಣೆಯೇ ಎಂದು ಮಾತ್ರ ಕೇಳುತ್ತೇನೆ.

ಈ ಸಲ ತಟ್ಟೆಯ ಪಟ್ಟಿಗೆ ಎರಡು ಹೊಸ ಮನೆ ಸೇರಿವೆ. ಅಂದರೆ 16 ಬಿಸ್ಕತ್ತು ಹೆಚ್ಚು, ಅದಕ್ಕೆ 80 ಗ್ರಾಂ ಬೆಣ್ಣೆ, ಒಂದು ಕಿತ್ತಳೆ. ಹೇಗೂ ಅರ್ಧ ಕಿಲೋದ ಮೂರು ಪೊಟ್ಟಣ ತರಲೇಬೇಕು, ಮೂರನೆಯದರಲ್ಲಿ 300 ಗ್ರಾಂ ಉಳಿಯುತ್ತಿತ್ತು. ಹೊಸದಾಗಿ ಕೊಳ್ಳಬೇಕಾದದ್ದು ಕಿತ್ತಳೆ ಒಂದೇ, 12 ರೂಪಾಯಿ.