90 ನಿಮಿಷವೋ, 120 ನಿಮಿಷವೋ?

ಪುಣೆಯ ಹಿಂಜವಾಡಿಯಲ್ಲಿರುವ ನಮ್ಮ ಆಫೀಸಿನಲ್ಲಿ 2022ರ ನವೆಂಬರ್‌ನಲ್ಲಿ ಒಂದು ಎಕ್ಸೆಲ್ ಶೀಟ್ ಹುಟ್ಟಿಕೊಂಡಿತು. ಕತಾರ್ ವಿಶ್ವಕಪ್‌ನ 64 ಪಂದ್ಯಗಳಲ್ಲಿ ಪ್ರತಿಯೊಂದಕ್ಕೂ, ಆಟ ಶುರುವಾಗುವ ಮೊದಲೇ, ಹನ್ನೆರಡು ಜನ ತಮ್ಮ ತಮ್ಮ ಊಹೆ ಬರೆಯಬೇಕು. ಫಲಿತಾಂಶ ಸರಿಯಾದರೆ 2 ಅಂಕ, ಸ್ಕೋರೂ ಸರಿಯಾದರೆ 5. ದುಡ್ಡು ಕಟ್ಟುವಂತಿಲ್ಲ, ಎಚ್‌ಆರ್‌ನವರ ಕಣ್ಣಿತ್ತು. ಗೆದ್ದವನಿಗೆ ಉಳಿದವರು ಮಿಸಳ್ ಪಾವ್ ಕೊಡಿಸಬೇಕು, ಅಷ್ಟೇ. ಶೀಟ್ ನೋಡಿಕೊಳ್ಳುವ ಕೆಲಸ ನನ್ನ ತಲೆಗೆ ಬಂತು. ಫುಟ್‌ಬಾಲ್ ಗೊತ್ತಿಲ್ಲದವನು ಮೋಸ ಮಾಡಲಾರ ಎಂಬುದು ಎಲ್ಲರ ನಂಬಿಕೆ. ಧಾರವಾಡ ಕಡೆಯವನಾದ ನಾನು ಬೆಳೆದದ್ದು ಕ್ರಿಕೆಟ್, ಕಬಡ್ಡಿ ನೋಡಿ. ಆಫ್‌ಸೈಡ್ ಅಂದರೇನು ಎಂದು ಯೂಟ್ಯೂಬ್ ನೋಡಿ ಕಲಿಯಬೇಕಾಯಿತು.

ಕೋಲ್ಕತ್ತಾದ ದಾದಾ ಹುಟ್ಟಾ ಅರ್ಜೆಂಟೀನಾ ಭಕ್ತ. ಕೋಯಿಕ್ಕೋಡಿನ ಹುಡುಗ ಬ್ರೆಜಿಲ್ ಕಡೆ. ಅವನೂರಿನ ಹತ್ತಿರದ ಪುಳ್ಳಾವೂರಿನಲ್ಲಿ ಹೊಳೆಯ ನಡುವೆ ಮೆಸ್ಸಿಯ ಕಟೌಟ್ ಎದ್ದು, ಅದರ ಪಕ್ಕ ಇನ್ನೂ ಎತ್ತರದ ನೇಮರ್ ಕಟೌಟ್ ಎದ್ದಿತ್ತಲ್ಲ, ಆ ಫೋಟೊವನ್ನು ದಿನಕ್ಕೆರಡು ಸಲ ದಾದಾಗೆ ಕಳಿಸುತ್ತಿದ್ದ. ನನ್ನ ಹಿಂದಿನ ಸೀಟಿನವನದು ಪೋರ್ಚುಗೀಸ್ ಧಾಟಿಯ ಅಡ್ಡಹೆಸರು. ಗೋವಾದವನು, ಪೋರ್ಚುಗಲ್ ಕಡೆ ಎಂದು ನಾವೇ ತೀರ್ಮಾನಿಸಿದ್ದೆವು. ಒಂದೂವರೆ ವರ್ಷದಿಂದ ನಮ್ಮಿಬ್ಬರ ಮಾತು ಹಿಂದಿಯಲ್ಲಿ, ಅದೂ ಚಾರ್ಜರ್ ಕೇಳುವಷ್ಟು.

ನವೆಂಬರ್ 22ರ ಮಂಗಳವಾರ ಮಧ್ಯಾಹ್ನ ಮೂರೂವರೆಗೆ ಅರ್ಜೆಂಟೀನಾ-ಸೌದಿ ಅರೇಬಿಯಾ ಪಂದ್ಯ. ಶೀಟಿನ ತುಂಬ 3-0, 4-0. ಹತ್ತನೇ ನಿಮಿಷಕ್ಕೇ ಮೆಸ್ಸಿ ಪೆನಾಲ್ಟಿ ಹೊಡೆದಾಗ ದಾದಾ ಎಲ್ಲರಿಗೂ ಚಹಾ ಹೇಳಿದ. ವಿರಾಮದ ನಂತರ ಐದು ನಿಮಿಷದ ಅಂತರದಲ್ಲಿ ಸೌದಿ ಎರಡು ಗೋಲು ಹೊಡೆಯಿತು. ಮೊಬೈಲಿನಲ್ಲಿ ಜಿಯೋಸಿನಿಮಾ ಹಚ್ಚಿಕೊಂಡು ಕೂತಿದ್ದ ನನ್ನ ಬಾಯಿಂದ, 'ಏನಪಾ ಇದು, ಮಾನ ಹೋತಲ್ಲೋ!' ಎಂದು ಹೊರಟೇಬಿಟ್ಟಿತು.

ಹಿಂದಿನಿಂದ ದನಿ ಬಂತು: 'ಎಂಥ ಮಾರಾಯ್ರೆ, ನಿಮಗೆ ಕನ್ನಡ ಬರ್ತದಾ?'

ಮಂಗಳೂರಿನವನು. ಮನೆಯಲ್ಲಿ ಕೊಂಕಣಿ, ಬೀದಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. 'ಕರ್' ಎಂದು ಮುಗಿಯುವ ನನ್ನ ಅಡ್ಡಹೆಸರು ನೋಡಿ ಅವನು ನನ್ನನ್ನು ಮರಾಠಿಯವನೆಂದುಕೊಂಡಿದ್ದನಂತೆ. ಬೆನ್ನಿಗೆ ಬೆನ್ನು ಹಚ್ಚಿ ಕೂತ ಇಬ್ಬರು ಕನ್ನಡಿಗರು ಹದಿನೆಂಟು ತಿಂಗಳು ಹರಕುಮುರುಕು ಹಿಂದಿಯಲ್ಲಿ ಕಳೆದಿದ್ದೆವು. ನಾನಂತೂ ಆ ಹೊತ್ತಿನಲ್ಲಿ ಕನ್ನಡ ಕೇಳಬೇಕೆನಿಸಿದಾಗಲೆಲ್ಲ ಊರಿಗೆ ಫೋನು ಹಚ್ಚುತ್ತಿದ್ದೆ. ಅವತ್ತಿನ ಫಲಿತಾಂಶದಲ್ಲಿ ನನಗೆ ದೊಡ್ಡ ಆಘಾತ ಅಂದರೆ ಅದೇ. ಅರ್ಜೆಂಟೀನಾ ಸೋತದ್ದು ಆಮೇಲೆ.

ಅಲ್ಲಿಂದ ಮುಂದೆ ಕಾಲೆಳೆದಾಟವೆಲ್ಲ ಕನ್ನಡದಲ್ಲಿ. ನನ್ನ ಊಹೆ ತಪ್ಪಿದರೆ 'ನಿಮ್ಮ ಪೇಡೆ ಕರಗಿತು' ಅನ್ನುವನು. ಅವನದು ತಪ್ಪಿದರೆ ನಾನು, 'ನಿಮ್ಮ ನೀರುದೋಸಿ ಹರೀತು' ಅನ್ನುವೆ. ಡಿಸೆಂಬರ್ 9ರಂದು ಕ್ರೊಯೇಷಿಯಾ ಎದುರು ಬ್ರೆಜಿಲ್ ಪೆನಾಲ್ಟಿಯಲ್ಲಿ ಸೋತಾಗ ಕೋಯಿಕ್ಕೋಡಿನ ಹುಡುಗ ಎರಡು ದಿನ ಗ್ರೂಪಿನಿಂದ ನಾಪತ್ತೆ. ಅಷ್ಟರಲ್ಲಿ ನಾನು, ಏನೂ ಗೊತ್ತಿಲ್ಲದವನು, ಮೊದಲ ಸ್ಥಾನಕ್ಕೆ ಬಂದಿದ್ದೆ. ಫೈನಲ್‌ಗೆ ಮುನ್ನ ನನಗೆ 71, ಮಂಗಳೂರಿನವನಿಗೆ 69.

ಡಿಸೆಂಬರ್ 18, ಭಾನುವಾರ ರಾತ್ರಿ ಎಂಟೂವರೆ. ನಾನು ಬರೆದದ್ದು ಅರ್ಜೆಂಟೀನಾ 2-1. ಅವನು ಬರೆದದ್ದು 2-2. ಎಪ್ಪತ್ತೊಂಬತ್ತು ನಿಮಿಷದವರೆಗೆ ಅರ್ಜೆಂಟೀನಾ 2-0 ಮುಂದಿತ್ತು. ಮಿಸಳ್ ವಾಸನೆ ನನ್ನ ಮೂಗಿಗೆ ಬರುತ್ತಿತ್ತು. ಎಂಬಾಪೆ 80 ಮತ್ತು 81ನೇ ನಿಮಿಷದಲ್ಲಿ ಎರಡು ಹೊಡೆದ. 90 ನಿಮಿಷಕ್ಕೆ 2-2. ಹೆಚ್ಚುವರಿ ಅರ್ಧ ಗಂಟೆಯಲ್ಲಿ ಮೆಸ್ಸಿ ಒಂದು, ಎಂಬಾಪೆ ಇನ್ನೊಂದು. 120ಕ್ಕೆ 3-3. ಪೆನಾಲ್ಟಿಯಲ್ಲಿ 4-2ರಿಂದ ಕಪ್ಪು ಅರ್ಜೆಂಟೀನಾಕ್ಕೆ.

ಈಗ ಗೆದ್ದವರು ಯಾರು? 90 ನಿಮಿಷದ ಲೆಕ್ಕ ಹಿಡಿದರೆ ಅವನಿಗೆ 5 ಅಂಕ, ಅವನೇ ಮೊದಲು. ಕಪ್ಪು ಎತ್ತಿದ ತಂಡವೇ ಲೆಕ್ಕ ಅಂದರೆ ನನಗೆ 2, ನಾನು ಮೊದಲು. ಪೆನಾಲ್ಟಿಗೆ ಹೋದ ಪಂದ್ಯ ದಾಖಲೆಯಲ್ಲಿ ಡ್ರಾ ಎಂದೇ ಉಳಿಯುತ್ತದೆ. ಹಾಗೆ ಹಿಡಿದರೆ ಅವನಿಗೆ 2, ಇಬ್ಬರೂ 71. ನಿಯಮ ಬರೆಯಬೇಕಾದವನು ನಾನು, ಬರೆದಿರಲಿಲ್ಲ. ಕ್ವಾರ್ಟರ್ ಫೈನಲ್‌ನಲ್ಲಿ ಅರ್ಜೆಂಟೀನಾ ನೆದರ್ಲೆಂಡ್ಸನ್ನು ಪೆನಾಲ್ಟಿಯಲ್ಲಿ ಸೋಲಿಸಿದಾಗ ಅರ್ಜೆಂಟೀನಾ ಎಂದು ಬರೆದವರಿಗೆಲ್ಲ ಅಂಕ ಹಾಕಿದ್ದೆ. ಡ್ರಾ ಎಂದು ಆಗ ಯಾರೂ ಬರೆದಿರಲಿಲ್ಲವಾದ್ದರಿಂದ ತಕರಾರೂ ಬಂದಿರಲಿಲ್ಲ. ಅದನ್ನೇ ಹಿಡಿದು ವಾದಿಸಿದೆ. 'ಅಂಪೈರೇ ಬ್ಯಾಟಿಂಗ್ ಮಾಡಿದ ಹಾಗಾಯ್ತು' ಅಂದ ಅವನು. ಮಾತು ನಿಜವೇ. ಆದರೆ ಒಪ್ಪಿಕೊಳ್ಳಲು ಆಗ ಮನಸ್ಸು ಬರಲಿಲ್ಲ.

ವಾರವಿಡೀ ಕ್ಯಾಂಟೀನಿನಲ್ಲಿ ಇದೇ ಜಗಳ. ಕಪ್ಪು ಗೆದ್ದ ಖುಷಿಯಲ್ಲಿದ್ದ ದಾದಾ, ಏನು ಹೊಡೆದಾಡುತ್ತೀರೆಂದು ಹಿಂದಿಯಲ್ಲಾದರೂ ಹೇಳಿ ಎಂದು ಬೇಡಿಕೊಂಡ. ಕೊನೆಗೆ ಉಳಿದ ಹತ್ತು ಮಂದಿ ಬೇಸತ್ತು ಇಬ್ಬರಿಗೂ ಮಿಸಳ್ ಕೊಡಿಸಿದರು. ಇಬ್ಬರೂ ತಿಂದೆವು, ಸೋಲನ್ನು ಇಬ್ಬರೂ ಒಪ್ಪಲಿಲ್ಲ.

ಮುಂದೆ ಅವನು ಹೈದರಾಬಾದಿನ ಕಂಪನಿಗೆ ಹೋದ. ಹಿಂದಿನ ಸೀಟಿಗೆ ಬಂದವನಿಗೆ ಫುಟ್‌ಬಾಲ್ ಆಗಿಬರುವುದಿಲ್ಲ. 2026ರ ವಿಶ್ವಕಪ್‌ಗೆ 48 ತಂಡ, 104 ಪಂದ್ಯ ಎಂದು ಹಳೆಯ ಗ್ರೂಪಿನಲ್ಲಿ ಹೊಸ ಶೀಟ್ ಹಾಕಿದೆ. ಎರಡು ನಿಮಿಷದಲ್ಲಿ ಹೈದರಾಬಾದಿನಿಂದ ಉತ್ತರ ಬಂತು: '90ವೋ 120ವೋ, ಮೊದಲು ಅದು ಬರಿ ಮಾರಾಯಾ.'