72,000 ಕಿ.ಮೀ. ಸುತ್ತಿ ರಾಯಚೂರಿಗೆ ಬಂದ ಕನ್ನಡ

ಅಮೆರಿಕದ ಟಿವಿ ಧಾರಾವಾಹಿ 'ಸ್ಟಾರ್ ಟ್ರೆಕ್'ನಲ್ಲಿ ನಕ್ಷತ್ರಲೋಕಗಳನ್ನೆಲ್ಲ ಸುತ್ತಿದ 'ಎಂಟರ್‌ಪ್ರೈಸ್' ನೌಕೆಯ ಉದ್ದ ಸ್ಟುಡಿಯೋದಲ್ಲಿ ಬರೀ 11 ಅಡಿ. ಮರ, ಪ್ಲಾಸ್ಟಿಕ್, ತಗಡಿನ ಮಾದರಿ ಅದು. ಪ್ರತಿ ವಾರ ಹೊಸ ಗ್ರಹದಲ್ಲಿ ಅದನ್ನು ಇಳಿಸಿ ತೋರಿಸುವಷ್ಟು ದುಡ್ಡಿರಲಿಲ್ಲ. ಹಾಗಾಗಿ ಹುಟ್ಟಿದ್ದೇ ಮನುಷ್ಯರನ್ನು ಕ್ಷಣದಲ್ಲಿ ಮಾಯ ಮಾಡಿ ಇನ್ನೊಂದೆಡೆ ಮೂಡಿಸುವ 'ಟ್ರಾನ್ಸ್‌ಪೋರ್ಟರ್'. ಮೂರು ವರ್ಷದಲ್ಲಿ 79 ಕಂತು, ಹೆಚ್ಚೂಕಡಿಮೆ 66 ಗಂಟೆಯ ಕಥೆ. 1969ರ ಜೂನ್‌ನಲ್ಲಿ ಅದು ಮುಗಿಯಿತು.

ಕಥೆಯಲ್ಲಲ್ಲ, ನಿಜವಾಗಿಯೇ ಚಿತ್ರಗಳನ್ನು ಬಾಹ್ಯಾಕಾಶದ ಮೂಲಕ ದಾಟಿಸಲು ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ವಿಜ್ಞಾನಿ ವಿಕ್ರಮ್ ಸಾರಾಭಾಯಿ ಅವರ ಮುಂದಾಳತ್ವದಲ್ಲಿ ಭಾರತ ನಾಸಾದೊಡನೆ ಒಂದು ಒಪ್ಪಂದ ಮಾಡಿಕೊಂಡಿತು. ಅದರ ಫಲ 'ಸೈಟ್' ಪ್ರಯೋಗ: 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಉಪಗ್ರಹದಿಂದ ನೇರವಾಗಿ ಟಿವಿ. ಕರ್ನಾಟಕದಲ್ಲಿ ಇದಕ್ಕೆ ಆರಿಸಿದ್ದು ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಊರುಗಳನ್ನು.

ಕನ್ನಡ ಕಾರ್ಯಕ್ರಮಗಳು ತಯಾರಾಗುತ್ತಿದ್ದುದು ಹೈದರಾಬಾದ್‌ನಲ್ಲಿ. ಅಲ್ಲಿಂದ ರಾಯಚೂರಿಗೆ ಸುಮಾರು 200 ಕಿ.ಮೀ. ಆದರೆ ಚಿತ್ರ ಹಿಡಿದ ದಾರಿ ಬೇರೆ. ಮೊದಲು ಟೇಪು ಅಹಮದಾಬಾದ್ ಸೇರಬೇಕು. ಅಲ್ಲಿಂದ 36,000 ಕಿ.ಮೀ. ಮೇಲಿದ್ದ ಎಟಿಎಸ್-6 ಉಪಗ್ರಹಕ್ಕೆ ಏರಿ, ಮತ್ತೆ ಅಷ್ಟೇ ದೂರ ಇಳಿಯಬೇಕು. ಈ 72,000 ಕಿ.ಮೀ.ಗೆ ಹಿಡಿಯುತ್ತಿದ್ದುದು ಕಾಲು ಸೆಕೆಂಡು. ಮೇಲಿನಿಂದ ಚಿತ್ರ ಕಳಿಸುತ್ತಿದ್ದ ಟ್ರಾನ್ಸ್‌ಮಿಟರ್‌ನ ಶಕ್ತಿ 80 ವ್ಯಾಟ್. ಆಗಿನ ಕಾಲದ ನಡುಮನೆಯ ಒಂದು ಬಲ್ಬಿನಷ್ಟು! ಅಷ್ಟನ್ನೂ ಚದುರಲು ಬಿಡದೆ ಭಾರತದ ಕಡೆಗೆ ತಿರುಗಿಸುತ್ತಿದ್ದುದು ಬಾಹ್ಯಾಕಾಶದಲ್ಲಿ ಕೊಡೆಯ ಹಾಗೆ ಬಿಚ್ಚಿಕೊಂಡ, 9 ಮೀಟರ್ ಅಗಲದ ಆಂಟೆನಾ. ಕೆಳಗೆ ಹಳ್ಳಿಯಲ್ಲಿ ಅದನ್ನು ಹಿಡಿದದ್ದು ಕೋಳಿಗೂಡಿಗೆ ಹಾಕುವ ತಂತಿ ಜಾಲರಿಯಿಂದ ಮಾಡಿದ 10 ಅಡಿ ಅಗಲದ ತಟ್ಟೆ. 'ಎಂಟರ್‌ಪ್ರೈಸ್'ಗಿಂತ ಒಂದೇ ಅಡಿ ಕಡಿಮೆ.

ದಿನಕ್ಕೆ ನಾಲ್ಕು ಗಂಟೆ ಪ್ರಸಾರ. ಬೆಳಿಗ್ಗೆ ಶಾಲಾ ಮಕ್ಕಳಿಗೆ ಒಂದೂವರೆ ಗಂಟೆ. ಅದರಲ್ಲಿ ಹಿಂದಿ, ಕನ್ನಡ, ಒರಿಯಾ, ತೆಲುಗಿಗೆ ತಲಾ ಇಪ್ಪತ್ತೆರಡೂವರೆ ನಿಮಿಷ. ಸಂಜೆ ಎರಡೂವರೆ ಗಂಟೆ ಬೇಸಾಯ, ಆರೋಗ್ಯ, ಮನರಂಜನೆ. ವರ್ಷಕ್ಕೆ ಬೇಕಾಯಿತು 1,200 ಗಂಟೆಗೂ ಹೆಚ್ಚಿನ ಕಾರ್ಯಕ್ರಮ. 'ಸ್ಟಾರ್ ಟ್ರೆಕ್' ಮೂರು ವರ್ಷದಲ್ಲಿ ಮಾಡಿದ್ದರ ಹದಿನೆಂಟು ಪಟ್ಟು!

ಇಂಥ ಉಪಗ್ರಹಗಳ ಕನಸನ್ನು 1945ರಲ್ಲೇ ಬರೆದವರು ವೈಜ್ಞಾನಿಕ ಕಥೆಗಾರ ಆರ್ಥರ್ ಸಿ. ಕ್ಲಾರ್ಕ್. ಅವರ ಎಣಿಕೆಯಲ್ಲಿ ಅಲ್ಲಿ ಜನ ವಾಸವಿದ್ದು ಯಂತ್ರ ನೋಡಿಕೊಳ್ಳಬೇಕಿತ್ತು. ಎಟಿಎಸ್-6ರಲ್ಲಿ ಒಬ್ಬರೂ ಇರಲಿಲ್ಲ. 'ಸೈಟ್' ನೋಡಲೆಂದು ಇಸ್ರೋ ಕೊಲಂಬೊದ ಅವರ ಮನೆಗೇ ಆಂಟೆನಾ ಹಾಕಿಸಿಕೊಟ್ಟಿತು.

ಎಲ್ಲಕ್ಕಿಂತ ಬೆರಗಿನ ಲೆಕ್ಕ ನಮ್ಮ ನಾಡಿನೊಳಗಿನದು. ಬೆಂಗಳೂರಿನಲ್ಲಿ ದೂರದರ್ಶನ ಶುರುವಾದದ್ದು 1981ರ ನವೆಂಬರ್ 1ರಂದು. ಕೆಆರ್‌ಎಸ್‌ ಅಣೆಕಟ್ಟೆಯ ಹತ್ತಿರದ ಪಾಂಡವಪುರ, ಕ್ಯಾತನಹಳ್ಳಿಗಳ ನೀರಾವರಿ ಸೀಮೆಯಂತೂ 'ಸೈಟ್' ಪ್ರಯೋಗದ ಪಟ್ಟಿಯಲ್ಲೇ ಇರಲಿಲ್ಲ. ಸಾಮಾನ್ಯವಾಗಿ ಹೊಸದೇನಿದ್ದರೂ ಮೊದಲು ರಾಜಧಾನಿಗೆ, ಆಮೇಲೆ ನೀರಾವರಿ ಜಿಲ್ಲೆಗೆ, ಕಟ್ಟಕಡೆಗೆ ಬಯಲುಸೀಮೆಗೆ. ಕನ್ನಡದ ಟಿವಿ ಮಾತ್ರ ಈ ಸಾಲನ್ನು ತಲೆಕೆಳಗು ಮಾಡಿ, ರಾಜಧಾನಿಗಿಂತ ಆರು ವರ್ಷ ಮೊದಲೇ ರಾಯಚೂರಿನ ಹಳ್ಳಿಗಳಲ್ಲಿ ಇಳಿಯಿತು.